ಕನ್ಸೋಲುಗಳ ಸ್ಪರ್ಧೆಯೂ ಆನ್‌ಲೈನ್ ಆಟದ ಮಾರುಕಟ್ಟೆಯೂ: ಒಂದು ವಿಮರ್ಶೆ

ವಿಡಿಯೊ ಆಟದ ಕನ್ಸೋಲುಗಳ ಚರಿತ್ರೆಯನ್ನು ಬರೆದವರು ಅದನ್ನು ಬಹುಮಟ್ಟಿಗೆ ಯುದ್ಧಚರಿತ್ರೆಯ ಮಾದರಿಯಲ್ಲಿಯೇ ಬರೆದಿದ್ದಾರೆ. ಯಾರು ಎಷ್ಟು ಯಂತ್ರಗಳನ್ನು ಮಾರಿದರೆಂಬ ಎಣಿಕೆಯೇ ಅಲ್ಲಿ ಜಯಾಪಜಯಗಳಿಗೆ ಪ್ರಮಾಣ. 1998ರಿಂದ 2006ರವರೆಗಿನ ಅವಧಿಯನ್ನು ಕುರಿತ ರೂಢಿಯ ನಿರೂಪಣೆ ಹೀಗಿದೆ: ಸೋನಿಯ ಪ್ಲೇಸ್ಟೇಷನ್ 2 ಒಟ್ಟು 15 ಕೋಟಿಗೂ ಮಿಕ್ಕಿ ಮಾರಾಟವಾಗಿ ಗೆದ್ದಿತು, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸುಮಾರು 2 ಕೋಟಿ 40 ಲಕ್ಷಕ್ಕೂ ನಿಂಟೆಂಡೊವಿನ ಗೇಮ್‌ಕ್ಯೂಬ್ ಸುಮಾರು 2 ಕೋಟಿ 17 ಲಕ್ಷಕ್ಕೂ ನಿಂತವು, ಸೆಗಾದ ಡ್ರೀಮ್‌ಕಾಸ್ಟ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಈ ಅಂಕಿಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆನ್‌ಲೈನ್ ಆಟದ ಮಟ್ಟಿಗೆ ಈ ಅಳತೆಗೋಲು ಸಾಲದೆಂಬುದೇ ಪ್ರಸ್ತುತ ಲೇಖನದ ವಾದ.

ಮೊದಲು ಡ್ರೀಮ್‌ಕಾಸ್ಟನ್ನು ನೋಡೋಣ. 1998ರ ನವೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಈ ಯಂತ್ರದಲ್ಲಿ ಮೋಡೆಮ್ ಜೊತೆಗೂಡಿಯೇ ಬಂದಿತು. 2000ದ ಡಿಸೆಂಬರಿನಲ್ಲಿ ಹೊರಬಂದ ‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’ ಎಂಬ ಆಟದಲ್ಲಿ, ಸಿದ್ಧಪದಗಳನ್ನು ಆಯ್ದು ಜೋಡಿಸಿದರೆ ಜಪಾನೀ ಆಟಗಾರನ ಮಾತು ಇಂಗ್ಲಿಷ್ ಬಲ್ಲವನಿಗೆ ಅವನ ಭಾಷೆಯಲ್ಲಿಯೇ ಕಾಣುವ ಏರ್ಪಾಡಿತ್ತು. ಆದರೂ 2001ರ ಜನವರಿಯಲ್ಲಿ ಸೆಗಾ ಯಂತ್ರದ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರಿತು. ಮುಂಚಿತವಾಗಿ ಬಂದ ಮಾತ್ರಕ್ಕೆ ಮಾರುಕಟ್ಟೆ ಒಲಿಯಲಾರದೆಂಬುದಕ್ಕೆ ಇದು ನಿದರ್ಶನ.

ಇದರ ತರುವಾಯದ ಸ್ಪರ್ಧೆಯೇ ಹೆಚ್ಚು ವಿಚಾರಾರ್ಹವಾದುದು. 2002ರಲ್ಲಿ ಅಮೆರಿಕದಲ್ಲಿ ಎರಡು ಪದ್ಧತಿಗಳು ಎದುರುಬದುರಾಗಿ ನಿಂತವು. ಆಗಸ್ಟಿನಲ್ಲಿ ಸೋನಿ ತನ್ನ ಯಂತ್ರಕ್ಕೆ ಜಾಲಸಂಪರ್ಕದ ಉಪಕರಣವನ್ನು ಪ್ರತ್ಯೇಕವಾಗಿ ಮಾರಿ, ಸರ್ವರುಗಳ ಹೊಣೆಯನ್ನು ಬಹುಪಾಲು ಆಟದ ಪ್ರಕಾಶಕರಿಗೆ ಬಿಟ್ಟಿತು. ಚಂದಾ ಬೇಕೆ ಬೇಡವೆ ಎಂಬುದು ಆಯಾ ಪ್ರಕಾಶಕರ ನಿರ್ಧಾರ. ಆಟಗಾರನಿಗೆ ಒಂದೊಂದು ಆಟಕ್ಕೆ ಒಂದೊಂದು ಹೆಸರು. ನವೆಂಬರ್ 15ರಂದು ಮೈಕ್ರೋಸಾಫ್ಟು ಆರಂಭಿಸಿದ ಎಕ್ಸ್‌ಬಾಕ್ಸ್ ಲೈವ್ ಇದಕ್ಕೆ ತದ್ವಿರುದ್ಧ. ಎಲ್ಲ ಆಟಗಳಿಗೂ ಒಂದೇ ಹೆಸರು, ಒಂದೇ ಮಿತ್ರರ ಪಟ್ಟಿ. ಒಂದು ವರ್ಷದ ಚಂದಾ ಹಾಗೂ ಮಾತನಾಡುವ ಹೆಡ್‌ಸೆಟ್ ಸೇರಿ ಸುಮಾರು 50 ಡಾಲರು. ದೂರವಾಣಿಯ ಮೋಡೆಮಿಗೆ ಅಲ್ಲಿ ಎಡೆಯಿಲ್ಲ. ಬ್ರಾಡ್‌ಬ್ಯಾಂಡ್ ಉಳ್ಳವರಿಗೆ ಮಾತ್ರ ಪ್ರವೇಶ. ಪ್ರಮುಖ ಪ್ರಕಾಶಕ ಸಂಸ್ಥೆಯಾದ ಎಲೆಕ್ಟ್ರಾನಿಕ್ ಆರ್ಟ್ಸ್ ಇದರ ಷರತ್ತುಗಳಿಗೆ ಒಪ್ಪದೆ 2004ರ ಮೇ ತಿಂಗಳವರೆಗೂ ದೂರವೇ ಉಳಿದುದು ಗಮನಾರ್ಹ. ಆಟಗಾರನ ಹೆಸರೂ ಹಣವೂ ಯಾರ ಕೈಯಲ್ಲಿರಬೇಕು ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. ಯಂತ್ರವನ್ನು ಮಾರುವುದು ಒಮ್ಮೆ. ಸುಂಕದ ಕಟ್ಟೆಯ ಆದಾಯ ನಿತ್ಯವಾದುದು.

ಇಲ್ಲಿ ಒಂದು ಆಕ್ಷೇಪ ಬರಬಹುದು. 2006ರಲ್ಲಿ ಬಂದ ಪ್ಲೇಸ್ಟೇಷನ್ 3ರಲ್ಲಿ ಸೋನಿ ಆನ್‌ಲೈನ್ ಆಟಕ್ಕೆ ಚಂದಾ ಕೇಳಲಿಲ್ಲ. ಆದುದರಿಂದ ಸುಂಕವಿಲ್ಲದ ಮಾರ್ಗವೂ ಸಾಧ್ಯವಿತ್ತಲ್ಲವೆ? ಸಾಧ್ಯವಿದ್ದುದು ನಿಜ. ಆದರೆ 2013ರಲ್ಲಿ ಪ್ಲೇಸ್ಟೇಷನ್ 4 ಬಂದಾಗ, ಹಣ ಕೊಟ್ಟು ಕೊಂಡ ಬಹುಪಾಲು ಆಟಗಳನ್ನು ಇತರರೊಡನೆ ಆನ್‌ಲೈನಿನಲ್ಲಿ ಆಡಲು ಸೋನಿಯೇ ಚಂದಾ ವಿಧಿಸಿತು. 2018ರ ಸೆಪ್ಟೆಂಬರಿನಲ್ಲಿ ನಿಂಟೆಂಡೊ ಸಹ ಸ್ವಿಚ್ ಯಂತ್ರಕ್ಕೆ ಅದೇ ಕ್ರಮವನ್ನು ತಂದಿತು. ಯಂತ್ರಗಳ ಎಣಿಕೆಯಲ್ಲಿ ಬಹಳ ಹಿಂದೆ ಬಿದ್ದಿದ್ದವನ ಕಟ್ಟಳೆಯನ್ನು ಗೆದ್ದವನೂ ಕಡೆಗೆ ಕೈಕೊಂಡನು. ಮಾರಾಟದ ಅಂಕಿಗಳನ್ನಷ್ಟೇ ನೆಚ್ಚಿದ ಚರಿತ್ರೆಕಾರನಿಗೆ ಇದು ಒಗಟಾಗಿಯೇ ಉಳಿಯುತ್ತದೆ.

2018ರ ಫೋರ್ಟ್‌ನೈಟ್ ಪ್ರಸಂಗವೂ ಇದನ್ನೇ ಸಮರ್ಥಿಸುತ್ತದೆ. ಪ್ಲೇಸ್ಟೇಷನ್ 4ರಲ್ಲಿ ಆ ಆಟವಾಡಿದವನು ಅದೇ ಖಾತೆಯನ್ನು ಸ್ವಿಚ್‌ನಲ್ಲಿ ಬಳಸಲು ಹೋದಾಗ ಬಾಗಿಲು ತೆರೆಯಲಿಲ್ಲ. ಆಟವೂ ಒಂದೇ, ಆಟಗಾರನೂ ಒಬ್ಬನೇ, ತಡೆಯಿದ್ದುದು ಗಡಿಯಲ್ಲಿ. ಸಾರ್ವಜನಿಕರ ಆಕ್ಷೇಪಣೆಯ ಬಳಿಕ ಅದೇ ಸೆಪ್ಟೆಂಬರಿನಲ್ಲಿ ಸೋನಿ ಮಣಿಯಿತು.

ಕಟ್ಟೆಯ ಒಡೆಯನು ಕಟ್ಟೆಯನ್ನು ಮುಚ್ಚಿದರೆ ಆಗುವುದೇನು? ಈ ಪ್ರಶ್ನೆ ನಮ್ಮ ಶಾಸ್ತ್ರಕ್ಕೆ ನೇರವಾಗಿ ಸಂಬಂಧಿಸಿದುದು. 2010ರ ಏಪ್ರಿಲ್ 15ರಂದು ಮೂಲ ಎಕ್ಸ್‌ಬಾಕ್ಸಿನ ಲೈವ್ ಸೇವೆ ನಿಂತಿತು. ‘ಹೇಲೋ 2’ ಆಡುತ್ತಿದ್ದ ಕೆಲವರು ಯಂತ್ರವನ್ನು ಆರಿಸದೆಯೇ ಮೇ ತಿಂಗಳವರೆಗೂ ಸಂಪರ್ಕವನ್ನು ಉಳಿಸಿಕೊಂಡರು. ಕೊನೆಯವನ ಸಂಪರ್ಕ ಕಡಿದೊಡನೆ ಆ ಜಗತ್ತು ಮುಗಿಯಿತು. 2024ರ ಏಪ್ರಿಲಿನಲ್ಲಿ ನಿಂಟೆಂಡೊವಿನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಆಟಕ್ಕೂ ಅದೇ ಗತಿಯಾಯಿತು. ಅಭಿಮಾನಿಗಳು ತಾವೇ ಸರ್ವರುಗಳನ್ನು ನಡೆಸಿ ಕೆಲವು ಆಟಗಳನ್ನು ಉಳಿಸಿಕೊಂಡಿದ್ದಾರೆ. ‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’ ಅವುಗಳಲ್ಲೊಂದು. ಉಳಿದುವುಗಳ ಸ್ಥಿತಿ, ಶಾಸನದ ಕಲ್ಲು ನಿಂತಿದ್ದು ಅಕ್ಷರಗಳು ಸವೆದುಹೋದಂತೆ: ಬಿಲ್ಲೆ ಕಪಾಟಿನಲ್ಲಿದೆ, ಆಟ ಇಲ್ಲ.

ಆದಕಾರಣ ಈ ವಿಷಯವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಮಾರಾಟದ ಪಟ್ಟಿಯೊಡನೆ ಇನ್ನೂ ಮೂರು ಆಕರಗಳನ್ನು ಅರಸಬೇಕೆಂದು ನಾವು ಸೂಚಿಸುತ್ತೇವೆ: ಸಂಸ್ಥೆಗಳು ಕಾಲಕಾಲಕ್ಕೆ ಬದಲಿಸಿದ ಸೇವಾ ಷರತ್ತುಗಳು, ಸೇವೆಯನ್ನು ನಿಲ್ಲಿಸಿದ ಪ್ರಕಟಣೆಗಳು, ಮತ್ತು ಆಡಿದವರ ಬಾಯಿಮಾತಿನ ಸಾಕ್ಷ್ಯ. ಮೊದಲೆರಡು ಕಾಗದಪತ್ರಗಳಾದ್ದರಿಂದ ಮುಂದೆಯೂ ದೊರಕಿಯಾವು. ಮೂರನೆಯದು ಆಟಗಾರರ ನೆನಪಿನಲ್ಲಿ ಮಾತ್ರ ಇದೆ. ಅದನ್ನು ಬರೆದಿಟ್ಟುಕೊಳ್ಳುವ ಕೆಲಸ ಈಗಲೇ ಮೊದಲಾಗಬೇಕು.