ಗ್ರಾಮದ ಕಲಾಸಂಘವೂ ಪ್ರೇಕ್ಷಕನೂ

ನಮ್ಮ ಜಿಲ್ಲೆಯಲ್ಲಿ ಕಲಾಸಂಘಗಳಿಗೆ ಬರವಿಲ್ಲ. ಊರಿಗೊಂದು ಯುವಕ ಸಂಘ, ಕೇರಿಗೊಂದು ಭಜನಾಮಂಡಳಿ, ಬಡಾವಣೆಗೊಂದು ಸಾಂಸ್ಕೃತಿಕ ವೇದಿಕೆ—ಹೀಗೆ ಲೆಕ್ಕವಿಡುತ್ತ ಹೋದರೆ ಸಂಘಗಳ ಸಂಖ್ಯೆಯೇ ಸಭಿಕರ ಸಂಖ್ಯೆಯನ್ನು ಮೀರೀತೆಂಬ ಶಂಕೆಯುಂಟಾಗುವುದು. ಇವು ವರ್ಷಕ್ಕೊಮ್ಮೆ ಒಪ್ಪಿಸುವ ವರದಿಗಳಲ್ಲಿ ಇಷ್ಟು ಕಾರ್ಯಕ್ರಮಗಳು, ಇಷ್ಟು ಸನ್ಮಾನಗಳು, ಇಷ್ಟು ಮಂದಿ ಅತಿಥಿಗಳು ಎಂಬ ಅಂಕಿಗಳು ತಪ್ಪದೆ ದೊರೆಯುವುವು. ಆ ಕಾರ್ಯಕ್ರಮಗಳಿಂದ ಊರಿಗೇನಾಯಿತು ಎಂಬ ಪ್ರಶ್ನೆಗೆ ಮಾತ್ರ ಯಾವ ವರದಿಯಲ್ಲಿಯೂ ಉತ್ತರ ಕಾಣದು. ಗ್ರಾಮದಲ್ಲಿ ಕಲಾಸಂಘವೊಂದು ಇರತಕ್ಕುದು ಏತಕ್ಕೆ? ಅದರ ಕೆಲಸವನ್ನು ಅಳೆಯುವ ಕೋಲು ಯಾವುದು? ಈ ಎರಡು ಪ್ರಶ್ನೆಗಳನ್ನು ವಿಚಾರ ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಪರರನ್ನು ಪರೀಕ್ಷಿಸುವುದಕ್ಕೆ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ಮೇಲು. ನಾನಿರುವ ನವುಲೆಯು ಒಂದು ಕಾಲಕ್ಕೆ ಶಿವಮೊಗ್ಗೆಯ ಹೊರಗಣ ಹಳ್ಳಿ. ಈಗ ನಗರದ ಒಳಗೇ ಸೇರಿಹೋಗಿರುವ ಊರು. ಸವಳಂಗದ ರಸ್ತೆ, ಕೃಷಿ ಮಹಾವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜು, ಕ್ರಿಕೆಟ್ಟಿನ ಬಯಲು—ಇವುಗಳ ನಡುವೆ ಹಳೆಯ ಊರಿನ ಒಕ್ಕಲುಮನೆಗಳೂ ಹೊಸದಾಗಿ ಬಂದು ನೆಲಸಿದವರ ಮನೆಗಳೂ ಅಕ್ಕಪಕ್ಕದಲ್ಲಿವೆ; ಒಬ್ಬರ ಹೆಸರು ಒಬ್ಬರಿಗೆ ತಿಳಿಯದು. ಇಂಥ ಊರಿಗೆ ಕಲಾಸಂಘವು ಅತ್ಯವಶ್ಯಕವೆಂದು ನಂಬಿ, ಕೆಲವು ಮಿತ್ರರೊಡನೆ ಒಂದು ಸಂಘದಲ್ಲಿ ನಾನೂ ದುಡಿದೆನು. ಒಂದು ವರ್ಷ ವಾರ್ಷಿಕೋತ್ಸವದ ದಿನ ನಾಟಕವನ್ನಿಟ್ಟುಕೊಂಡೆವು. ಆರು ಗಂಟೆಗೆಂದು ಸಾರಿದ ಸಭೆಯು ಏಳಕ್ಕೆ ತೊಡಗಿತು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ದಾನಿಗಳಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ. ಒಬ್ಬರನ್ನು ಬಿಟ್ಟರೆ ಮತ್ತೊಬ್ಬರಿಗೆ ಮುನಿಸು. ಒಂಬತ್ತೂವರೆಯಾದರೂ ತೆರೆ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಹಳೆಯ ಊರಿನ ರೈತರೊಬ್ಬರು ನನ್ನನ್ನು ಕರೆದು, “ಸ್ವಾಮಿ, ಇದೇ ನಾಟಕವೋ, ನಾಟಕ ಇನ್ನು ಮುಂದೆ ಬರ್ತದೋ?” ಎಂದು ಕೇಳಿದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಮನೆಗೆ ಹೋಗಬಹುದೋ ಬಾರದೋ ಎಂದು ತಿಳಿಯಬೇಕಾಗಿತ್ತು, ಅಷ್ಟೆ. ನಾನು ಉತ್ತರ ಹೇಳುವಷ್ಟರಲ್ಲಿ ಮಗುವು ಎದ್ದು ಅಳತೊಡಗಿತು, ಅವರು ಎದ್ದುಹೋದರು. ಆ ರಾತ್ರಿ ನಾಟಕವನ್ನು ಕಡೆಯವರೆಗೆ ನೋಡಿದವರು ನಟರ ಮನೆಯವರೂ ನಾವೂ ಮಾತ್ರ. ವರದಿಯಲ್ಲಾದರೋ ‘ಸಮಾರಂಭವು ಅತ್ಯಂತ ಯಶಸ್ವಿಯಾಗಿ ನೆರವೇರಿತು’ ಎಂದು ನಾನೇ ಬರೆದೆನು. ಆ ವಾಕ್ಯವು ಇಂದಿಗೂ ನನ್ನನ್ನು ಚುಚ್ಚುತ್ತಿರುವುದು.

ಹಾಗಾದರೆ ಯಶಸ್ಸೆಂದರೇನು? ಇದಕ್ಕೆ ನಮ್ಮ ಹಳೆಯ ಶಾಸ್ತ್ರಗ್ರಂಥದಲ್ಲಿಯೇ ಉತ್ತರವುಂಟು. ಭರತನ ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು ಕುರಿತದ್ದು. ಅಲ್ಲಿ ಭರತನು ನಟನ ಗುಣದೋಷಗಳೊಂದಿಗೆ ಪ್ರೇಕ್ಷಕನ ಲಕ್ಷಣವನ್ನೂ ಹೇಳುವನು. ಪಾತ್ರವು ಸಂತೋಷಪಟ್ಟಾಗ ಸಂತೋಷವನ್ನೂ ಶೋಕಿಸಿದಾಗ ಶೋಕವನ್ನೂ ಹೊಂದಬಲ್ಲವನೇ ಪ್ರೇಕ್ಷಕನೆಂಬುದು ಆತನ ಅಭಿಪ್ರಾಯ. ಅನಂತರ ಬಹು ಸ್ವಾರಸ್ಯವಾದ ಒಂದು ಮಾತುಂಟು: ಪ್ರೇಕ್ಷಕನಿಗಿರಬೇಕಾದ ಗುಣಗಳೆಲ್ಲವೂ ಒಬ್ಬನಲ್ಲಿಯೇ ಇರಲಾರವು, ತಿಳಿಯಬೇಕಾದದ್ದು ಬಹಳ, ಆಯುಸ್ಸು ಸ್ವಲ್ಪ. ಆದುದರಿಂದ ಪ್ರಯೋಗದ ಬೆಲೆಯನ್ನು ಕಟ್ಟುವುದಕ್ಕೆ ಅವನು ಒಬ್ಬ ಪಂಡಿತನನ್ನು ಕೂರಿಸದೆ, ಯಜ್ಞವಿದನು, ನರ್ತಕನು, ಛಂದಸ್ಸನ್ನು ಬಲ್ಲವನು, ವೈಯಾಕರಣನು, ರಾಜನು, ಬಿಲ್ಲುಗಾರನು, ಚಿತ್ರಕಾರನು, ವೇಶ್ಯೆ, ಗಾಯಕನು, ರಾಜಸೇವಕನು ಎಂದು ಹತ್ತು ಮಂದಿಯನ್ನು ಸೇರಿಸುವನು. ರಂಗದ ಮೇಲೆ ಬಿಲ್ಲು ಹಿಡಿದ ರೀತಿ ಸರಿಯೇ ತಪ್ಪೇ ಎಂಬುದನ್ನು ಬಿಲ್ಲುಗಾರನು ಹೇಳಬೇಕಲ್ಲದೆ ವೈಯಾಕರಣನು ಹೇಳಲಾರನು.

ಗ್ರಾಮದ ಕಲಾಸಂಘಕ್ಕೆ ಇದಕ್ಕಿಂತ ದೊಡ್ಡ ಆಧಾರವಾಕ್ಯ ಬೇಕಾಗಿಲ್ಲವೆಂದು ನನಗೆ ತೋರುವುದು. ಬೇರೆ ಬೇರೆ ಕಸುಬಿನ, ಬೇರೆ ಬೇರೆ ಅನುಭವದ ಜನರು ಒಂದೆಡೆ ಕುಳಿತು ಒಂದು ಕೃತಿಯನ್ನು ನೋಡಿ, ತಮ್ಮ ತಮ್ಮ ತಿಳಿವಳಿಕೆಯಿಂದ ಅದರ ಬೆಲೆ ಕಟ್ಟುವ ಸ್ಥಳವೇ ಸಂಘ. ನಗರದಲ್ಲಿ ಸಂಗೀತ ಬಲ್ಲವರು ಸಂಗೀತಕ್ಕೂ ಸಾಹಿತ್ಯ ಬಲ್ಲವರು ಸಾಹಿತ್ಯಕ್ಕೂ ಬೇರೆಬೇರೆಯಾಗಿ ಹಂಚಿಹೋಗುವರು. ಹಳ್ಳಿಯಲ್ಲಾದರೆ ಕಮ್ಮಾರನೂ ಉಪಾಧ್ಯಾಯಿನಿಯೂ ಅಡಕೆಯ ತೋಟದವನೂ ಕೂಲಿಯವನೂ ಒಂದೇ ಚಪ್ಪರದ ಕೆಳಗೆ ಕೂರಬೇಕು. ಭರತನು ಬಯಸಿದ ಸಭೆಯು ಅಲ್ಲಿ ತಾನಾಗಿಯೇ ನೆರೆದಿರುವುದು. ಅದನ್ನು ಮಾತನಾಡಿಸುವವರು ಮಾತ್ರ ಬೇಕು.

ಪರದೇಶಗಳಲ್ಲಿ ಕಲಾಪರಿಷತ್ತೆಂಬ ಹೆಸರಿನಲ್ಲಿ ಎರಡು ಬಗೆಯ ಸಂಸ್ಥೆಗಳು ಹುಟ್ಟಿರುವುವು. ಬ್ರಿಟನ್ನಿನ ಆರ್ಟ್ಸ್ ಕೌನ್ಸಿಲ್ ೧೯೪೬ರಲ್ಲಿ ರಾಜಶಾಸನದಿಂದ ಸ್ಥಾಪಿತವಾದುದು. ಸರ್ಕಾರದ ಹಣವನ್ನು ಕಲಾಸಂಸ್ಥೆಗಳಿಗೆ ಹಂಚುವುದು ಅದರ ಮುಖ್ಯ ಕೆಲಸವಾಗಿತ್ತು. ನಮ್ಮಲ್ಲಿ ೧೯೫೩ರಲ್ಲಿ ಉದ್ಘಾಟನೆಗೊಂಡ ಕೇಂದ್ರದ ಸಂಗೀತ ನಾಟಕ ಅಕಾಡೆಮಿಯೂ ಬಹುಮಟ್ಟಿಗೆ ಈ ಜಾತಿಯದು. ಅಮೆರಿಕದ ವಿನ್‌ಸ್ಟನ್-ಸೇಲಮ್ ಪಟ್ಟಣದಲ್ಲಿ ೧೯೪೯ರಲ್ಲಿ ಆರಂಭವಾದ ಕಲಾಪರಿಷತ್ತು ಊರಿನವರೇ ಊರಿಗಾಗಿ ಕಟ್ಟಿಕೊಂಡದ್ದು. ಅದೇ ದೇಶದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ರಾಬರ್ಟ್ ಗಾರ್ಡ್ ಎಂಬವರು ೧೯೬೬ರಿಂದ ಕೆಲವು ಸಣ್ಣ ಊರುಗಳಲ್ಲಿ ಈ ಪ್ರಯೋಗವನ್ನು ನಡೆಸಿ, ಕಲೆಯು ದೊಡ್ಡ ನಗರದ ಸ್ವತ್ತಲ್ಲವೆಂದು ಸಾಧಿಸಲೆಳಸಿದರು. ಮೊದಲನೆಯ ಬಗೆಯು ಮೇಲಿನಿಂದ ಕೊಡುವುದು, ಎರಡನೆಯದು ಇದ್ದಲ್ಲಿಯೇ ಬೆಳೆಯುವುದು. ಈ ಎರಡನೆಯ ಬಗೆಗೆ ನಿದರ್ಶನವನ್ನು ಹುಡುಕಿಕೊಂಡು ನಾವು ಸಮುದ್ರವನ್ನು ದಾಟಬೇಕಾಗಿಲ್ಲ. ಅದೇ ೧೯೪೯ರಲ್ಲಿ ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘವು ಹುಟ್ಟಿತು.

‘ನೀನಾಸಂ’ ಎಂಬ ಅದರ ಕಿರಿಹೆಸರು ಈಗ ನಾಡಿಗೆಲ್ಲ ಪರಿಚಿತ. ಅಡಕೆ ತೋಟದ ಮನೆಗಳ ಕೆಲವರು ಸೇರಿ ಕಟ್ಟಿದ ಹವ್ಯಾಸಿ ಸಂಘವಿದು. ಇದರ ಪ್ರಾಣವಾಗಿದ್ದ ಕೆ. ವಿ. ಸುಬ್ಬಣ್ಣನವರು (೧೯೩೨–೨೦೦೫) ಮೈಸೂರಿನಲ್ಲಿ ಓದಿ, ನಗರದ ಉದ್ಯೋಗವನ್ನರಸದೆ ತಮ್ಮ ಊರಿಗೇ ಮರಳಿದವರು. ೧೯೯೧ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯು ಬಂದಾಗ ನಾಡೆಲ್ಲ ಹಿಗ್ಗಿತು. ನಾನು ಗಣಿಸುವುದು ಆ ಪ್ರಶಸ್ತಿಯನ್ನಲ್ಲ, ಅವರು ಕೆಲಸಕ್ಕೆ ಹಿಡಿದ ಕ್ರಮವನ್ನು. ೧೯೭೩ರಲ್ಲಿ ಸಂಘವು ಚಿತ್ರಸಮಾಜವನ್ನು ತೆರೆದು, ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’ಯಂಥ ಚಿತ್ರಗಳನ್ನು ಹಳ್ಳಿಗರಿಗೆ ತೋರಿಸಿತು. ತೋರಿಸಿ ಸುಮ್ಮನಿರಲಿಲ್ಲ, ಪುಣೆಯ ಸತೀಶ ಬಹಾದೂರರಂಥ ಅಧ್ಯಾಪಕರನ್ನು ಕರೆಸಿ, ಚಿತ್ರವನ್ನು ನೋಡುವುದು ಹೇಗೆಂಬುದನ್ನು ಕಲಿಸುವ ಶಿಬಿರಗಳನ್ನು ನಡೆಸಿತು. ನಟರಿಗೆ ಶಿಕ್ಷಣ ಕೊಡುವ ರಂಗಶಿಕ್ಷಣ ಕೇಂದ್ರವು ಬಂದದ್ದು ಆಮೇಲೆ, ೧೯೮೦ರಲ್ಲಿ. ಮೊದಲು ನೋಡುವವನು, ಅನಂತರ ಆಡುವವನು ಎಂಬ ಈ ಅನುಕ್ರಮವು ವಿಚಾರಾರ್ಹವಾದುದು. ನಮ್ಮ ಸಂಘಗಳು ಬಹುಮಟ್ಟಿಗೆ ಇದನ್ನು ತಲೆಕೆಳಗು ಮಾಡಿರುವುವು.

೧೯೮೩ರಿಂದ ಎರಡು ವರ್ಷ ‘ಜನಸ್ಪಂದನ’ವೆಂಬ ಯೋಜನೆಯು ನಡೆಯಿತು. ಸಂಘದವರು ಊರೂರಿಗೆ ಹೋಗಿ ಅಲ್ಲಲ್ಲಿಯ ಜನರಿಂದಲೇ ನಾಟಕವನ್ನಾಡಿಸಿದರು. ಉತ್ತರ ಕನ್ನಡದ ಮಂಚಿಕೇರಿಯ ಸಿದ್ದಿ ಜನರು, ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ, ಆಫ್ರಿಕದ ಲೇಖಕ ಚಿನುವಾ ಅಚೀಬೆಯವರ ಕಾದಂಬರಿಯೊಂದರ ನಾಟಕರೂಪವನ್ನಾಡಿದುದು ಈ ಕೆಲಸದ ಫಲ. ಆಫ್ರಿಕದಿಂದ ಬಂದವರ ಸಂತತಿಯಾಗಿ, ಕಾಡಿನ ಅಂಚಿನಲ್ಲಿ ಯಾರ ಲೆಕ್ಕಕ್ಕೂ ಸೇರದೆ ಬದುಕಿದ್ದ ಜನರು, ಆ ಖಂಡದ ಒಂದು ಕುಲವು ಕುಸಿದ ಕಥೆಯನ್ನು ಕನ್ನಡದಲ್ಲಿ ನುಡಿದರು. ಆ ಕಥೆಯ ಬೆಲೆ ಕಟ್ಟುವುದಕ್ಕೆ ಅವರಿಗಿಂತ ಯೋಗ್ಯರಾದ ಪ್ರಾಶ್ನಿಕರು ಯಾರು? ಭರತನ ಪಟ್ಟಿಯಲ್ಲಿ ಇಂಥವರಿಗೆ ಎಡೆಯಿರಲಿಲ್ಲ. ಪಟ್ಟಿಯನ್ನು ಹಿಗ್ಗಿಸಿದುದು ಒಂದು ಹಳ್ಳಿಯ ಸಂಘ.

೧೯೮೫ರಲ್ಲಿ ‘ತಿರುಗಾಟ’ವು ತೊಡಗಿತು. ಮಳೆಗಾಲ ಕಳೆದೊಡನೆ ನಟರ ತಂಡವು ಹೊಸ ನಾಟಕಗಳನ್ನು ಕಟ್ಟಿಕೊಂಡು ನಾಡಿನ ಊರುಗಳನ್ನು ಸುತ್ತುವುದು. ಕಾಳಿದಾಸನೂ ಷೇಕ್ಸ್‌ಪಿಯರನೂ ಬ್ರೆಕ್ಟನೂ ತಾಲ್ಲೂಕು ಪಟ್ಟಣದ ಶಾಲೆಯ ಬಯಲಿಗೆ ಬಂದರು. ಸುಬ್ಬಣ್ಣನವರು ತಮ್ಮ ‘ಲೋಕ ಶಾಕುಂತಲ’ದಲ್ಲಿ ಕಾಳಿದಾಸನನ್ನು ಆಡುವವರ ಬಾಯಿಗೂ ಕೇಳುವವರ ಕಿವಿಗೂ ಒಗ್ಗಿಸಲು ಪಟ್ಟ ಶ್ರಮವು ಇಲ್ಲಿ ಸಾರ್ಥಕವಾಯಿತು. ಅಕ್ಟೋಬರ್ ತಿಂಗಳ ಸಂಸ್ಕೃತಿ ಶಿಬಿರದಲ್ಲಿ ಸಂಜೆ ನೋಡಿದ ನಾಟಕವನ್ನು ಮರುದಿನ ಶಿಬಿರಾರ್ಥಿಗಳು ಚರ್ಚಿಸುವರು. ಸಂಘದ ಇಷ್ಟು ವರ್ಷಗಳ ಕೆಲಸದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹಿಡಿದದ್ದು ಈ ಮರುದಿನದ ಮಾತುಕತೆಯೇ.

ಸ್ತುತಿಯೊಂದೇ ವಿಮರ್ಶೆಯಾಗದಷ್ಟೆ. ಹೆಗ್ಗೋಡಿನ ಪ್ರಯೋಗದ ಮೇಲೆ ಆಕ್ಷೇಪಣೆಗಳುಂಟು. ಜನಸ್ಪಂದನಕ್ಕೆ ಅಮೆರಿಕದ ಫೋರ್ಡ್ ಪ್ರತಿಷ್ಠಾನದ ಹಣವು ಬಂದಿತೆಂಬುದು ಒಂದು. ಹಣವು ಪರದೇಶದ್ದಾದರೂ ಆಡಿದ ಮಾತು ಯಾರದೆಂಬುದು ಮುಖ್ಯವಾದ ಪ್ರಶ್ನೆ. ಸಿದ್ದಿಗಳ ನಾಟಕವು ಅದಕ್ಕೆ ಉತ್ತರ ಹೇಳಿದೆ. ಎರಡನೆಯದು, ಅಲ್ಲಿ ಕಲಿತವರಲ್ಲಿ ಅನೇಕರು ಸಿನಿಮಕ್ಕೂ ದೂರದರ್ಶನಕ್ಕೂ ಹೋದರೆಂಬುದು. ಹೊಟ್ಟೆಯ ಪಾಡಿಗಾಗಿ ಹೋದವನನ್ನು ದೂರುವುದು ನ್ಯಾಯವಲ್ಲ. ಮೂರನೆಯದು ಮಾತ್ರ ಗಂಭೀರವಾದುದು. ಒಂದೇ ಗುರುಕುಲದಿಂದ ಬಂದವರು ಊರೂರಿನಲ್ಲಿ ನಾಟಕವಾಡಿಸಿದಾಗ ನಡಿಗೆಯೂ ಹಾಡಿನ ಧಾಟಿಯೂ ಗುಂಪಿನ ಚಲನೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದುಂಟು. ನಮ್ಮ ಮಲೆನಾಡಿಗೆ ಯಕ್ಷಗಾನವೆಂಬ ಸ್ವಂತ ರಂಗಭೂಮಿಯಿದೆ. ಬಯಲುಸೀಮೆಗೆ ದೊಡ್ಡಾಟ, ಸಣ್ಣಾಟಗಳಿವೆ. ಒಂದು ಮಾದರಿಯು ಗೆದ್ದೊಡನೆ ಎಲ್ಲರೂ ಅದನ್ನೇ ನಕಲು ಮಾಡುವುದಾದರೆ, ಹೆಗ್ಗೋಡಿನಿಂದ ಕಲಿಯಬೇಕಾದದ್ದನ್ನು ಬಿಟ್ಟು ಬಿಡಬೇಕಾದದ್ದನ್ನು ಕಲಿತಂತಾಗುವುದು. ಹೆಗ್ಗೋಡಿನವರು ತಮ್ಮ ಊರನ್ನು ನೋಡಿ ಸಂಘವನ್ನು ಕಟ್ಟಿದರು. ಉಳಿದವರು ಹೆಗ್ಗೋಡನ್ನು ನೋಡಿ ಕಟ್ಟುತ್ತಿರುವರು.

ಬೇರೆ ದಾರಿಯೂ ಉಂಟೆಂಬುದಕ್ಕೆ ಶಿವಮೊಗ್ಗೆಯ ಹತ್ತಿರವೇ ತುಂಗೆಯ ತೀರದ ಹೊಸಹಳ್ಳಿಯು ಸಾಕ್ಷಿ. ಅಲ್ಲಿ ರಂಗಸಜ್ಜಿಕೆಯಿಲ್ಲ, ದೀಪದ ಬೆಡಗಿಲ್ಲ. ಗಮಕಿಯೊಬ್ಬರು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ವಾಚನ ಮಾಡುವರು. ವ್ಯಾಖ್ಯಾನಕಾರರು ಪದ್ಯದ ಒಳಗನ್ನು ಬಿಡಿಸಿಡುವರು. ಆ ಊರಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ ೨೦೨೨ರಲ್ಲಿ ಪದ್ಮಶ್ರೀ ಗೌರವವು ಸಂದಿತು. ಅದೇ ವರ್ಷ ಅವರು ತೀರಿಕೊಂಡರು. ವಾಚನಕ್ಕೆ ಜೊತೆಯಾಗಿ ವ್ಯಾಖ್ಯಾನವಿರುವುದೇ ಈ ಕಲೆಯ ಮರ್ಮ. ಕೇಳುವವನಿಗೆ ತಿಳಿಯಲಿ ಎಂಬ ಕಾಳಜಿಯು ಅದರ ರಚನೆಯಲ್ಲಿಯೇ ಸೇರಿಕೊಂಡಿದೆ. ಹೆಗ್ಗೋಡಿನ ಮರುದಿನದ ಚರ್ಚೆಗೂ ಹೊಸಹಳ್ಳಿಯ ವ್ಯಾಖ್ಯಾನಕ್ಕೂ ಹೊರಗೆ ಯಾವ ಹೋಲಿಕೆಯೂ ಇಲ್ಲ; ಕೆಲಸವು ಒಂದೇ.

‘ಹಳ್ಳಿಯವರಿಗೆ ಇದೆಲ್ಲ ತಿಳಿಯುವುದೇ? ಅವರಿಗೆ ಬೇಕಾದದ್ದು ನಗುವೂ ಹಾಡೂ’ ಎಂದು ಹೇಳುವವರು ನಮ್ಮ ಸಮಿತಿಗಳಲ್ಲಿಯೇ ಇರುವರು. ರಾತ್ರಿಯಿಡೀ ಕುಳಿತು ತಾಳಮದ್ದಳೆಯಲ್ಲಿ ಕರ್ಣನ ಪಕ್ಷವೋ ಕೃಷ್ಣನ ಪಕ್ಷವೋ ಎಂದು ತರ್ಕವನ್ನು ಕೇಳಿ ತೂಗುವ ಜನರ ವಿಷಯದಲ್ಲಿ ಈ ಮಾತು ಸಲ್ಲದು. ತಿಳಿಯದು ಎಂದು ನಾವು ಮೊದಲೇ ತೀರ್ಮಾನಿಸಿ, ತಿಳಿಯುವ ಅವಕಾಶವನ್ನು ಕೊಡದೆ, ಆಮೇಲೆ ಅವರು ಎದ್ದುಹೋದರೆಂದು ದೂರುವೆವು. ನವುಲೆಯಲ್ಲಿ ಅಂದು ಎದ್ದುಹೋದ ರೈತರು ನಾಟಕವನ್ನು ನಿರಾಕರಿಸಲಿಲ್ಲ. ನಾಟಕವನ್ನು ಅವರಿಗೆ ತೋರಿಸದವರು ನಾವು.

ಇನ್ನು ಮಾಡತಕ್ಕುದೇನು? ದೊಡ್ಡ ಯೋಜನೆಯನ್ನು ಹೇಳುವ ಯೋಗ್ಯತೆ ನನಗಿಲ್ಲ. ನಮ್ಮಂಥ ಸಣ್ಣ ಸಂಘಗಳು ಮುಂದಿನ ವರ್ಷವೇ ಮಾಡಬಹುದಾದ ಮೂರು ಕೆಲಸಗಳನ್ನು ನಿವೇದಿಸಿಕೊಳ್ಳುವೆನು. ಮೊದಲನೆಯದು, ವರ್ಷಕ್ಕೆ ಹತ್ತು ಕಾರ್ಯಕ್ರಮಗಳ ಬದಲು ಎರಡನ್ನಿಟ್ಟುಕೊಂಡು, ಆಡುವ ನಾಟಕವನ್ನೋ ಓದುವ ಕಾವ್ಯವನ್ನೋ ಒಂದು ವಾರ ಮೊದಲೇ ಊರಿನ ಶಾಲೆಯಲ್ಲಿಯೂ ದೇವಸ್ಥಾನದ ಜಗಲಿಯಲ್ಲಿಯೂ ಓದಿ ಕೇಳಿಸುವುದು. ಎರಡನೆಯದು, ಸನ್ಮಾನಗಳನ್ನು ಬೇರೊಂದು ದಿನಕ್ಕೆ ಇಟ್ಟು, ಆಟದ ದಿನ ಆಟವನ್ನು ಹೇಳಿದ ಹೊತ್ತಿಗೆ ತೊಡಗುವುದು. ಮೂರನೆಯದು, ಮರುದಿನ ಬೆಳಗ್ಗೆ ಒಂದು ಗಂಟೆಯ ಕಾಲ ನೋಡಿದವರನ್ನು ಕೂಡಿಸಿ ಅವರ ಮಾತನ್ನು ಕೇಳುವುದು. ನವುಲೆಯಲ್ಲಿ ಆ ಸಭೆಗೆ ಹಳೆಯ ಊರಿನ ಒಕ್ಕಲಿಗರೂ ಕೃಷಿ ಕಾಲೇಜಿನ ಹುಡುಗರೂ ಬಸ್ಸಿನ ಕಂಡಕ್ಟರೂ ಬಡಗಿಯೂ ಮನೆಗೆಲಸದ ಹೆಂಗಸರೂ ಬರಲಿ. ಉತ್ತಿದ ನೆಲವನ್ನು ಕಳೆದುಕೊಂಡವನ ದುಃಖವನ್ನು ನಟನು ಸರಿಯಾಗಿ ತೋರಿದನೋ ಇಲ್ಲವೋ ಎಂಬುದನ್ನು, ಗದ್ದೆಯು ನಿವೇಶನವಾದುದನ್ನು ಕಣ್ಣಾರೆ ಕಂಡ ನವುಲೆಯ ರೈತನು ಹೇಳಬಲ್ಲನು. ಅಧ್ಯಕ್ಷಪೀಠದಲ್ಲಿ ಕುಳಿತವರು ಹೇಳಲಾರರು.

ಹೀಗೆ ಮಾಡಿದರೆ ವರದಿಯಲ್ಲಿ ಅಂಕಿಗಳು ಕಡಿಮೆಯಾಗುವುವು, ದಾನಿಗಳಲ್ಲಿ ಕೆಲವರಿಗೆ ಅಸಮಾಧಾನವೂ ಆಗಬಹುದು. ಆ ನಷ್ಟವನ್ನು ಹೊರಲು ನಾವು ಸಿದ್ಧರಾಗಬೇಕು. ಹಳೆಯ ಊರಿನವರೂ ಹೊಸಬರೂ ಒಂದು ಬೆಳಗ್ಗೆ ಎದುರುಬದುರು ಕುಳಿತು, ಒಂದು ನಾಟಕದ ವಿಷಯದಲ್ಲಿ ಜಗಳವಾಡಿಯಾದರೂ ಪರಸ್ಪರ ಹೆಸರನ್ನು ತಿಳಿದುಕೊಂಡರೆ ಸಂಘವು ತನ್ನ ಕೆಲಸವನ್ನು ಮಾಡಿತೆಂದು ನಾನು ಬರೆಯುವೆನು. ಅದಕ್ಕೆ ಮೊದಲು, ಅಂದು ಎದ್ದುಹೋದ ಆ ಹಿರಿಯರ ಮನೆಯನ್ನು ವಿಚಾರಿಸಿಕೊಂಡು ಹೋಗಿ, ಮುಂದಿನ ನಾಟಕಕ್ಕೆ ಅವರನ್ನು ಕರೆದುಬರಬೇಕಾಗಿದೆ.