ಕಿರುವಿಡಿಯೊ ನೋಡುವ ಬಗೆ: ರಸಿಕರಿಗೊಂದು ಕೈಪಿಡಿ

ಮೊಬೈಲ್ ಪರದೆಯನ್ನು ಉದ್ದುದ್ದಕ್ಕೆ ತುಂಬಿಕೊಂಡು, ಕೆಲವು ಸೆಕೆಂಡುಗಳಿಂದ ಹಿಡಿದು ಎರಡು ಮೂರು ನಿಮಿಷಗಳೊಳಗೆ ಮುಗಿದು, ಬೆರಳಿನಿಂದ ಮೇಲಕ್ಕೆ ತಳ್ಳಿದೊಡನೆ ಇನ್ನೊಂದಕ್ಕೆ ಜಾಗ ಬಿಟ್ಟುಕೊಡುವ ವಿಡಿಯೊಗಳನ್ನು ಇನ್‌ಸ್ಟಾಗ್ರಾಮ್ 'ರೀಲ್ಸ್' ಎಂದೂ ಯೂಟ್ಯೂಬ್ 'ಶಾರ್ಟ್ಸ್' ಎಂದೂ ಕರೆಯುತ್ತವೆಯಾದರೂ, ಜನರ ಬಾಯಲ್ಲಿ ಅವೆಲ್ಲವೂ ರೀಲ್ಸ್‌ಗಳೇ. ಇವು ಹೊತ್ತು ಕಳೆಯುವ ಸರಕೆಂದು ಮೂಗು ಮುರಿಯುವವರೂ, ದಿನಕ್ಕೆ ನೂರಾರು ನೋಡಿ ಒಂದನ್ನೂ ನೆನಪಿಟ್ಟುಕೊಳ್ಳದವರೂ ಇದಕ್ಕೊಂದು ವ್ಯಾಕರಣವಿದೆ ಎಂಬುದನ್ನು ಸಮಾನವಾಗಿ ಮರೆಯುತ್ತಾರೆ. ಹೆಚ್ಚು ಜನರನ್ನು ಸೆಳೆಯುವ ವಿಡಿಯೊ ಮಾಡುವುದು ಹೇಗೆಂದು ಕಲಿಸುವವರು ಬಹುಮಟ್ಟಿಗೆ ಮೊದಲ ಒಂದೆರಡು ಸೆಕೆಂಡುಗಳ ಬಗ್ಗೆಯೇ ಮಾತನಾಡುತ್ತಾರೆ. ಆದರೆ ರಸಿಕನಾಗಬಯಸುವವನು ಕಣ್ಣಿಡಬೇಕಾದದ್ದು ಕೊನೆಯ ಸೆಕೆಂಡಿನ ಮೇಲೆ. ಕುಶಲಿಗೂ ಕಸುಬುದಾರನಿಗೂ ಇರುವ ಅಂತರ ತಿಳಿಯುವುದು ಅಲ್ಲಿಯೇ.

ಅವಧಿ ಕಿರಿದಾಗಿರುವುದೇ ಈ ಪ್ರಕಾರದ ಹೊಸತನವೆಂದು ಭಾವಿಸುವಂತಿಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ಹಣ ಪಡೆದು ತೋರಿಸಿದ ಹತ್ತು ಚಿತ್ರಗಳೂ ಒಂದೊಂದು ನಿಮಿಷಕ್ಕಿಂತ ಕಡಿಮೆ ಅವಧಿಯವು, ಏಕೆಂದರೆ ಅವರ ಕ್ಯಾಮೆರಾ ಬಳಸುತ್ತಿದ್ದ ಫಿಲ್ಮ್ ಸುರುಳಿಯ ಉದ್ದವೇ ಸುಮಾರು 17 ಮೀಟರ್. ಅವುಗಳಲ್ಲೊಂದರಲ್ಲಿ ತೋಟಗಾರನೊಬ್ಬ ಗಿಡಗಳಿಗೆ ನೀರು ಹಾಯಿಸುತ್ತಿರುವಾಗ ಹಿಂದಿನಿಂದ ಬಂದ ಹುಡುಗ ಪೈಪನ್ನು ಮೆಟ್ಟುತ್ತಾನೆ. ನೀರು ನಿಂತದ್ದೇಕೆಂದು ತೋಟಗಾರ ಪೈಪಿನ ಬಾಯನ್ನು ನೋಡುವಷ್ಟರಲ್ಲಿ ಹುಡುಗ ಕಾಲು ತೆಗೆಯುತ್ತಾನೆ, ನೀರು ಮುಖಕ್ಕೆ ಚಿಮ್ಮುತ್ತದೆ. ಪಾತ್ರಕ್ಕೆ ತಿಳಿಯದ್ದು ನೋಡುಗನಿಗೆ ಮೊದಲೇ ತಿಳಿದಿರುವ ಈ ಹಾಸ್ಯದ ಹೂಟ ಇಂದಿನ ಸಾವಿರಾರು ರೀಲ್ಸ್‌ಗಳಲ್ಲಿ ಹಾಗೆಯೇ ಉಳಿದಿದೆ. ಬದಲಾದದ್ದು ನೋಡುಗನ ಸ್ಥಿತಿ: ಗ್ರಾಂಡ್ ಕೆಫೆಯಲ್ಲಿ ಹಣ ತೆತ್ತು ಕುರ್ಚಿಯಲ್ಲಿ ಕುಳಿತವನು ಮುಗಿಯುವವರೆಗೂ ಕುಳಿತಿರುತ್ತಿದ್ದ, ಇಂದಿನವನು ಯಾವ ಕ್ಷಣದಲ್ಲಾದರೂ ಎದ್ದುಹೋಗಬಲ್ಲ, ಹೋದದ್ದು ಯಂತ್ರಕ್ಕೆ ತಿಳಿಯುತ್ತದೆ.

ಈ ಪ್ರಕಾರಕ್ಕೆ ಶಿಸ್ತು ಕಲಿಸಿದ್ದು 2013ರ ಜನವರಿಯಲ್ಲಿ ಟ್ವಿಟರ್ ಸಂಸ್ಥೆ ಹೊರತಂದ ವೈನ್ ಎಂಬ ಆ್ಯಪ್. ಅದರಲ್ಲಿ ಪ್ರತಿ ವಿಡಿಯೊಗೂ ಆರೇ ಸೆಕೆಂಡು. ಪರದೆಯ ಮೇಲೆ ಬೆರಳೊತ್ತಿದಷ್ಟು ಹೊತ್ತು ಚಿತ್ರೀಕರಣ, ಬೆರಳೆತ್ತಿದರೆ ವಿರಾಮ. ಮುಗಿದೊಡನೆ ತಾನಾಗಿ ಮತ್ತೆ ಮೊದಲಿನಿಂದ ಆರಂಭ. ಬೆರಳೆತ್ತಿ ವಸ್ತುವನ್ನು ಬದಲಿಸಿ ಮತ್ತೆ ಒತ್ತಿದರೆ ಒಂದು ಇನ್ನೊಂದಾಗಿ ಮಾರ್ಪಟ್ಟಂತೆ ಕಾಣುವ, ಜಾರ್ಜ್ ಮೆಲಿಯೇ ತನ್ನ ಮೂಕಿಚಿತ್ರಗಳಲ್ಲಿ ಬಳಸಿದ ಮಾಯಾಜಾಲವನ್ನು ಹಲವರು ಇಲ್ಲಿ ಮತ್ತೆ ಊರ್ಜಿತಗೊಳಿಸಿದರು. ವೈನ್ 2017ರ ಆರಂಭದಲ್ಲಿ ಮುಚ್ಚಿತು, ಅದರ ಶಿಸ್ತು ಮಾತ್ರ ಟಿಕ್‌ಟಾಕ್‌ಗೆ ದಾಟಿತು. ಭಾರತದಲ್ಲಿ 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳು ನಿಷೇಧಕ್ಕೊಳಗಾದಾಗ ತೆರವಾದ ಜಾಗಕ್ಕೆ ಬೆಂಗಳೂರಿನ ಷೇರ್‌ಚಾಟ್ ಸಂಸ್ಥೆಯ ಮೋಜ್, ಡೈಲಿಹಂಟ್ ಬಳಗದ ಜೋಶ್, ಜುಲೈನಲ್ಲಿ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಪ್ರಯೋಗರೂಪದ ಶಾರ್ಟ್ಸ್ ಸಾಲುಗಟ್ಟಿ ಬಂದವು.

ವ್ಯಾಕರಣದ ಮೊದಲ ಪದ 'ಹುಕ್', ಅಂದರೆ ತಳ್ಳಲು ಹೊರಟ ಬೆರಳನ್ನು ತಡೆಯುವ ಆರಂಭ. ಅರ್ಧಕ್ಕೆ ನಿಂತ ಮಾತು, ಕೆಳಗೆ ಬೀಳಲಿರುವ ವಸ್ತು, ಕಾರಣ ತಿಳಿಯದ ಸಿಟ್ಟಿನ ಮುಖ, ಏನು ಬೇಕಾದರೂ ಹುಕ್ ಆಗಬಹುದು. 'ಕೊನೆಯವರೆಗೂ ನೋಡಿ' ಎಂದು ಗೋಗರೆಯುವುದು ಅತ್ಯಂತ ಅಗ್ಗದ ಹುಕ್. ಕೊನೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲದಿರುವ ಸಂಭವ ಅಲ್ಲಿ ಹೆಚ್ಚು. ಎರಡನೆಯದು 'ಜಂಪ್ ಕಟ್': ಒಬ್ಬನೇ ಮಾತನಾಡುತ್ತಿರುವಾಗ ಉಸಿರು, ತಡವರಿಕೆ, ಮೌನಗಳನ್ನೆಲ್ಲ ಕತ್ತರಿಸಿ ಮಾತಿನ ತುಣುಕುಗಳನ್ನು ನೇರವಾಗಿ ಬೆಸೆಯುವುದು. ಇದರ ಅತಿಬಳಕೆ ಈ ಪ್ರಕಾರದ ದೊಡ್ಡ ಪಿಡುಗು, ಏಕೆಂದರೆ ನಗೆಗೆ ವಿರಾಮ ಬೇಕು, ಮೌನವನ್ನೆಲ್ಲ ಕತ್ತರಿಸಿದ ಹಾಸ್ಯ ಬರೀ ವೇಗವಾಗಿ ಉಳಿಯುತ್ತದೆ.

ಮೂರನೆಯದಾದ 'ಲೂಪ್' ಮಾತ್ರ ನಿಧಾನವಾದ ಪರಿಶೀಲನೆಗೆ ಅರ್ಹ. ಮುಗಿದ ವಿಡಿಯೊ ತಾನಾಗಿ ಮೊದಲಿನಿಂದ ಆರಂಭವಾಗುವುದರಿಂದ ಇಲ್ಲಿ ಅಂತ್ಯದ ನೆರೆಯಲ್ಲಿಯೇ ಆರಂಭವಿರುತ್ತದೆ. ಕಥೆ, ನಾಟಕ, ಸಿನಿಮಾ ಯಾವುದರಲ್ಲೂ ಕರ್ತೃ ಈ ನೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿರಲಿಲ್ಲ. ಸಾಧಾರಣ ತಯಾರಕರು ಕೊನೆಯ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಅದು ಮೊದಲ ಮಾತಿಗೆ ಕೂಡಿಕೊಳ್ಳುವಂತೆ ಮಾಡುತ್ತಾರೆ. ನೋಡುಗ ಅರಿಯದೆಯೇ ಎರಡನೆಯ ಸಲ ನೋಡತೊಡಗುತ್ತಾನೆ. ಅದು ಲೆಕ್ಕಾಚಾರದ ಜಾಣ್ಮೆ. ಮೇಲ್ಮಟ್ಟದ ಲೂಪ್‌ನಲ್ಲಿ ಅಂತ್ಯದಲ್ಲಿ ತಿಳಿದ ಸಂಗತಿ ಆರಂಭದ ಅರ್ಥವನ್ನೇ ತಿರುಗಿಸುತ್ತದೆ: ಮೊದಲ ಸಲ ನೋಡಿದಾಗ ಅಮಾಯಕನೆನಿಸಿದವನು ಎರಡನೆಯ ಸಲ ಕಿಲಾಡಿಯಾಗಿ ಕಾಣುತ್ತಾನೆ, ಆ ತನಕ ಗಮನಕ್ಕೆ ಬಾರದಿದ್ದ ಮೂಲೆಯ ವಸ್ತು ಈಗ ಸಾಕ್ಷಿಯಾಗುತ್ತದೆ. ಮೊದಲ ಬಗೆಯದು ಎರಡು ಸಲ ನೋಡುವಂತೆ ಬಲೆ ಬೀಸುತ್ತದೆ, ಎರಡನೆಯ ಬಗೆಯದು ಎರಡು ಸಲ ನೋಡುವಷ್ಟು ಹುರುಳನ್ನು ಇಟ್ಟುಕೊಂಡಿರುತ್ತದೆ. ಹೊಸದಾಗಿ ನೋಡಲು ಕಲಿಯುವವರು ಇಷ್ಟವಾದ ವಿಡಿಯೊವನ್ನು ಮೂರು ಬಾರಿ ನೋಡುವುದು ಒಳ್ಳೆಯದು: ಒಮ್ಮೆ ಸುಮ್ಮನೆ, ಒಮ್ಮೆ ಧ್ವನಿ ಆರಿಸಿ, ಇನ್ನೊಮ್ಮೆ ಪರದೆ ನೋಡದೆ ಕಿವಿಯಿಂದ ಮಾತ್ರ. ಮೂರರಲ್ಲಿ ಎರಡರಲ್ಲಾದರೂ ನಿಂತುಕೊಂಡದ್ದು ಗಟ್ಟಿ ವಿಡಿಯೊ.

ಧ್ವನಿ ಆರಿಸಿ ನೋಡಲು ಖಾಬಿ ಲಾಮ್‌ನ ವಿಡಿಯೊಗಳಿಗಿಂತ ಉತ್ತಮ ಪಠ್ಯ ದೊರೆಯಲಾರದು. ಸೆನೆಗಲ್‌ನಲ್ಲಿ ಹುಟ್ಟಿ ಇಟಲಿಯಲ್ಲಿ ಬೆಳೆದ ಈತ 2020ರಲ್ಲಿ, ಕೋವಿಡ್ ಕಾಲದಲ್ಲಿ ಕಾರ್ಖಾನೆಯ ಕೆಲಸ ಕಳೆದುಕೊಂಡ ಮೇಲೆ ವಿಡಿಯೊ ಮಾಡತೊಡಗಿದವನು. 2022ರ ಜೂನ್‌ನಲ್ಲಿ ಟಿಕ್‌ಟಾಕ್‌ನಲ್ಲಿ ಜಗತ್ತಿನಲ್ಲೇ ಅತಿಹೆಚ್ಚು ಅನುಯಾಯಿಗಳುಳ್ಳವನಾದನು. ಆತನ ಹೂಟ ಸರಳ: ಯಾರೋ ಬಾಳೆಹಣ್ಣಿನ ಸಿಪ್ಪೆಯನ್ನು ಚಾಕು ಹಿಡಿದು ಸಾಹಸಪಟ್ಟು ತೆಗೆಯುವ ವಿಡಿಯೊ ಮೊದಲು ಬರುತ್ತದೆ, ಅನಂತರ ಈತ ಕೈಯಿಂದಲೇ ಸಿಪ್ಪೆ ಸುಲಿದು ಎರಡೂ ಅಂಗೈಗಳನ್ನು ಮುಂದೆ ಚಾಚಿ ಕ್ಯಾಮೆರಾವನ್ನು ನೋಡುತ್ತಾನೆ. ಇನ್ನೊಬ್ಬರ ವಿಡಿಯೊದ ತುಣುಕಿಗೆ ತನ್ನದನ್ನು ಜೋಡಿಸುವ ಈ ಬಗೆಗೆ 'ಸ್ಟಿಚ್' ಎಂದೂ, ಎರಡನ್ನೂ ಅಕ್ಕಪಕ್ಕದಲ್ಲಿ ಏಕಕಾಲಕ್ಕೆ ಓಡಿಸುವುದಕ್ಕೆ 'ಡ್ಯುಯೆಟ್' ಎಂದೂ ಹೆಸರು. ಲಾಮ್‌ನಲ್ಲಿ ಮೆಚ್ಚಬೇಕಾದದ್ದು ಅಂಗೈ ಚಾಚುವ ಮುನ್ನ ಆತ ತೆಗೆದುಕೊಳ್ಳುವ ಬಿಡುವು. ಸಿಪ್ಪೆ ಸುಲಿದಾಗಲೇ ವಾದ ಮುಗಿದಿರುತ್ತದೆ. ಮುಖ ಮಾತ್ರ ಗೆಲುವನ್ನು ಸಂಭ್ರಮಿಸದೆ ಆಯಾಸಗೊಂಡಂತೆ ನಿಲ್ಲುತ್ತದೆ. ಒಂದೂ ಮಾತಿಲ್ಲದ್ದರಿಂದ ಅನುವಾದದ ಹಂಗಿಲ್ಲದೆ ಅದು ಎಲ್ಲ ದೇಶಗಳಿಗೂ ತಲುಪಿತೆಂಬುದು ನಿಜವಾದರೂ, ಮಾತಿಲ್ಲದ ಬೇರೆ ಎಷ್ಟೋ ವಿಡಿಯೊಗಳು ಎಲ್ಲಿಗೂ ತಲುಪಲಿಲ್ಲ.

ಇದಕ್ಕೆ ತೀರಾ ಎದುರಾದ ದಾರಿ ಮಾತಿನದು, ಅದರಲ್ಲೂ ಪರಿಚಿತ ಧಾಟಿಯದು. ಒಬ್ಬರ ವಿಡಿಯೊದ ಧ್ವನಿಯನ್ನು ಮತ್ತೊಬ್ಬರು ತಮ್ಮ ದೃಶ್ಯಕ್ಕೆ ಹಾಕಿಕೊಳ್ಳುವ ಸೌಲಭ್ಯದಿಂದ 'ಟ್ರೆಂಡಿಂಗ್ ಆಡಿಯೊ' ಎಂಬ ಪರಿಕಲ್ಪನೆ ಹುಟ್ಟಿತು. ಅದು ಎಲ್ಲರೂ ಒಂದೇ ಧ್ವನಿಗೆ ತಮ್ಮ ತಮ್ಮ ಪ್ರಸಂಗ ಕಟ್ಟುವ ಒಂದು ಬಗೆಯ ಸಮಸ್ಯಾಪೂರಣ. ವಿಕ್ಕಿಪೀಡಿಯ ಎಂಬ ಹೆಸರಿನಿಂದ ಪರಿಚಿತರಾದ ಕನ್ನಡದ ಹಾಸ್ಯಗಾರ ವಿಕಾಸ್ 2023ರಲ್ಲಿ ಮಾಡಿದ 'ನಾನು ನಂದಿನಿ' ಇದಕ್ಕೆ ಕಣ್ಣೆದುರಿನ ಉದಾಹರಣೆ. ಡೆನ್ಮಾರ್ಕ್‌ನ ಅಕ್ವಾ ತಂಡದ 1997ರ 'ಬಾರ್ಬಿ ಗರ್ಲ್' ಹಾಡಿನ ಧಾಟಿಗೆ, ಬೆಂಗಳೂರಿಗೆ ಬಂದು ಪಿಜಿಯಲ್ಲಿ ಉಳಿದ ಹುಡುಗಿಯೊಬ್ಬಳ ಬದುಕನ್ನು ಕೂರಿಸಿದ ಈ ವಿಡಿಯೊದಲ್ಲಿ ಗಂಡಸು ಹೆಣ್ಣಿನ ವೇಷ ತೊಟ್ಟು ಕುಣಿಯುತ್ತಾನೆ. ಧಾಟಿ ಜಗತ್ತಿಗೆಲ್ಲ ಗೊತ್ತಿದ್ದದ್ದು, ಸಂಕಟ ಪಿಜಿಯಲ್ಲಿ ಇದ್ದವರಿಗೆಲ್ಲ ಗೊತ್ತಿದ್ದದ್ದು, ಪ್ರಾಸ ಮಾತ್ರ ಹೊಸದು. ಕನ್ನಡ ಬಾರದವರೂ ಆ ಧ್ವನಿಗೆ ತುಟಿಯಾಡಿಸಿ ಕುಣಿದರೆಂಬುದು ಅದರ ಹರಹಿಗೆ ಸಾಕ್ಷಿ. ಆದರೆ ಅದರ ಸ್ವಾರಸ್ಯ ಕನ್ನಡ ಬಲ್ಲವನಿಗೇ ಹೆಚ್ಚು, ಬಾರ್ಬಿಯ ಪ್ಲಾಸ್ಟಿಕ್ ಐಶ್ವರ್ಯದ ಜಾಗದಲ್ಲಿ ಪಿಜಿ ಊಟವನ್ನು ತಂದು ಕೂರಿಸಿದ ವ್ಯಂಗ್ಯ ದಕ್ಕುವುದು ಅವನಿಗೆ ತಾನೆ. ಧಾಟಿಯಷ್ಟೇ ಮುಖ್ಯವಾದದ್ದು ಆಡುನುಡಿ: ಸಿನಿಮಾಗಳಲ್ಲಿ ಬಹುಕಾಲ ನಗಿಸುವ ಪಾತ್ರಗಳ ಪಾಲಿಗೆ ಬಿಟ್ಟಿದ್ದ ಉತ್ತರ ಕರ್ನಾಟಕದ, ಕುಂದಾಪುರದ ಕನ್ನಡಗಳು ಕಿರುವಿಡಿಯೊಗಳಲ್ಲಿ ಮನೆಯೊಡತಿಯ, ಮೇಷ್ಟ್ರ, ಪ್ರೇಮಿಯ ಮಾತುಗಳೂ ಆಗಿರುವುದನ್ನು ಗಮನಿಸದ ರಸಿಕತೆ ಅಪೂರ್ಣ.

ಚೌಕಟ್ಟಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಗಲ 9 ಪಾಲು, ಎತ್ತರ 16 ಪಾಲು ಇರುವ ಈ ಚೌಕಟ್ಟು ಒಬ್ಬ ಮನುಷ್ಯನಿಗೆ ಹೇಳಿ ಮಾಡಿಸಿದಂತಿದೆ, ಇಬ್ಬರಿಗೆ ಇಕ್ಕಟ್ಟು. ಆದ್ದರಿಂದಲೇ ಒಬ್ಬನೇ ನಟ ಟವೆಲ್ ಹೊದ್ದು ಅಮ್ಮನಾಗಿ, ಟವೆಲ್ ತೆಗೆದು ಮಗನಾಗಿ ಎರಡೂ ಪಾತ್ರ ಮಾಡುವ ರೂಢಿ ಇಲ್ಲಿ ಇಷ್ಟು ಬಲವಾಗಿ ಬೇರೂರಿದೆ. ಬಲಬದಿಯಲ್ಲಿ ಲೈಕ್, ಕಮೆಂಟ್, ಷೇರ್ ಗುಂಡಿಗಳೂ ಕೆಳಗೆ ಹೆಸರು, ವಿವರಣೆಗಳೂ ಬರುವುದರಿಂದ ಬಲ್ಲವರು ಮುಖವನ್ನೂ ಬರಹವನ್ನೂ ನಡುಭಾಗದಿಂದ ತುಸು ಮೇಲೆ ಇರಿಸುತ್ತಾರೆ. ಕನ್ನಡದಲ್ಲಿ ಇನ್ನೊಂದು ತೊಡಕುಂಟು: ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದ ಬರಹ ಸಣ್ಣ ಪರದೆಯಲ್ಲಿ ಕಲಸಿಹೋಗುತ್ತದೆ. ಒಂದು ಸಲಕ್ಕೆ ಮೂರು ನಾಲ್ಕು ಪದಗಳನ್ನಷ್ಟೇ ತೋರಿಸಿ, ನಗೆಯ ಪದವನ್ನು ಬಾಯಿಗಿಂತ ಮೊದಲು ಪರದೆಯ ಮೇಲೆ ಬಿಟ್ಟುಕೊಡದವನು ನೋಡುಗನ ಮೇಲೆ ಗೌರವವುಳ್ಳವನು.

ವ್ಯೂಸ್ ಸಂಖ್ಯೆಯನ್ನು ಗುಣದ ಅಳತೆಗೋಲಾಗಿ ಹಿಡಿಯುವುದು ಅನನುಭವಿಗಳ ಲಕ್ಷಣ. 2025ರ ಮಾರ್ಚ್ 31ರಿಂದ ಯೂಟ್ಯೂಬ್, ಶಾರ್ಟ್ಸ್‌ನಲ್ಲಿ ವಿಡಿಯೊ ಆರಂಭವಾದ ಪ್ರತಿ ಸಲವೂ, ಲೂಪ್‌ನಲ್ಲಿ ಮರಳಿ ಆರಂಭವಾದಾಗಲೂ, ಇಷ್ಟು ಹೊತ್ತು ನೋಡಿರಬೇಕೆಂಬ ಷರತ್ತಿಲ್ಲದೆ ಒಂದು ವ್ಯೂ ಎಂದು ಎಣಿಸುತ್ತಿದೆ. ಹೀಗಾಗಿ ಅದಕ್ಕೆ ಮುಂಚಿನ ಲಕ್ಷವೂ ಅನಂತರದ ಲಕ್ಷವೂ ಒಂದೇ ಅಲ್ಲ. ಯಾವ ವಿಡಿಯೊವನ್ನು ಯಾರಿಗೆ ತೋರಿಸಬೇಕೆಂದು ತೀರ್ಮಾನಿಸುವ ಗಣಕಸೂತ್ರ, ಅಂದರೆ ಆಲ್ಗರಿದಮ್, ನೋಡುಗನು ಎಷ್ಟು ಹೊತ್ತು ನಿಂತ, ಯಾರಿಗೆ ಕಳಿಸಿದ ಎಂಬುದನ್ನು ಗಮನಿಸುತ್ತದೆಯೇ ಹೊರತು ಏಕೆ ನಿಂತ ಎಂಬುದನ್ನು ಅರಿಯದು. ಕೋಪದಿಂದ ನಿಂತವನೂ ಮೆಚ್ಚಿ ನಿಂತವನೂ ಅದರ ಲೆಕ್ಕದಲ್ಲಿ ನಿಂತವರೇ. ಜಗಳ ಹಚ್ಚುವ ವಿಡಿಯೊಗಳು ಹೆಚ್ಚು ಹರಡುವುದರ ಒಂದು ಕಾರಣ ಇಲ್ಲಿದೆ.

ಇನ್ನುಳಿದದ್ದು ಕಾಪಿಡುವ ಪ್ರಶ್ನೆ. 2020ರ ನಿಷೇಧದೊಂದಿಗೆ ಭಾರತದ ಅಸಂಖ್ಯ ಟಿಕ್‌ಟಾಕ್ ವಿಡಿಯೊಗಳು ಇಲ್ಲಿನ ನೋಡುಗರಿಗೆ ಒಂದೇ ಏಟಿಗೆ ಎಟುಕದಂತಾದವು. 2024ರ ಆರಂಭದಲ್ಲಿ ಯೂನಿವರ್ಸಲ್ ಮ್ಯೂಸಿಕ್ ಸಂಸ್ಥೆಗೂ ಟಿಕ್‌ಟಾಕ್‌ಗೂ ಒಪ್ಪಂದ ಮುರಿದುಬಿದ್ದಾಗ ಆ ಸಂಸ್ಥೆಯ ಹಾಡುಗಳಿದ್ದ ವಿಡಿಯೊಗಳ ಧ್ವನಿಯನ್ನೇ ತೆಗೆದುಹಾಕಲಾಯಿತು, ಮೇ ತಿಂಗಳಲ್ಲಿ ಹೊಸ ಒಪ್ಪಂದವಾಗುವ ತನಕ ಅವುಗಳಲ್ಲಿ ಹೆಚ್ಚಿನವು ಮೂಕವಾಗಿಯೇ ಇದ್ದವು. ಇನ್‌ಸ್ಟಾಗ್ರಾಮ್‌ನಲ್ಲಿ 'ಸೇವ್' ಗುಂಡಿ ಒತ್ತಿದರೆ ಉಳಿಯುವುದು ವಿಡಿಯೊದ ವಿಳಾಸ ಮಾತ್ರ. ಮಾಡಿದವರು ಅಳಿಸಿದರೆ ಅದೂ ಹೋಯಿತು. ಹೀಗಾಗಿ ಮೆಚ್ಚಿದ ವಿಡಿಯೊದ ಕರ್ತೃ, ಪ್ರಕಟವಾದ ತಿಂಗಳು, ಬಳಸಿದ ಆಡಿಯೊದ ಮೂಲ, ಅದು ಮುಗಿಯುವ ಬಗೆ, ಇಷ್ಟನ್ನು ಎರಡು ಸಾಲಿನಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸವನ್ನು ಹೊಸ ರಸಿಕರು ಮೊದಲ ದಿನದಿಂದಲೇ ಬೆಳೆಸಿಕೊಳ್ಳುವುದು ಲೇಸು.