ಅಡಿಗೆಮನೆಯ ವಿನ್ಯಾಸ: ಪಂಚಸೂನೆಯ ದೃಷ್ಟಿಯಿಂದ

ಗೃಹಸ್ಥನಿಗೆ ಅಹಿಂಸೆಯ ಪಾಲನೆ ಎಷ್ಟು ಕಠಿಣವೆಂಬುದು ಬಸದಿಯಲ್ಲಿ ತಿಳಿಯುವುದಿಲ್ಲ; ಅಡಿಗೆಮನೆಯಲ್ಲಿ ತಿಳಿಯುತ್ತದೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ ಶ್ರಾವಕಾಚಾರ ಪರಂಪರೆಯು, ಮನೆಗೆಲಸದಿಂದ ಒದಗುವ ಆರಂಭೀ ಹಿಂಸೆಯಿಂದ ಗೃಹಸ್ಥನು ಪೂರ್ಣವಾಗಿ ಪಾರಾಗಲಾರನೆಂದು ಒಪ್ಪಿಕೊಂಡಿದೆ. ಒನಕೆ, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಕಸಬರಿಗೆ ಎಂಬ ಐದಕ್ಕೆ ‘ಪಂಚಸೂನೆ’, ಅಂದರೆ ಐದು ವಧಾಸ್ಥಾನಗಳು, ಎಂಬ ಹೆಸರು ಬಂದುದು ಈ ಕಾರಣದಿಂದಲೇ. ತಪ್ಪಿಸಲಾಗದ ಹಿಂಸೆಯನ್ನು ಯತ್ನಾಚಾರದಿಂದ ಕಡಿಮೆ ಮಾಡಬೇಕೆಂಬುದು ವಿಧಿಯಾದರೆ, ಯತ್ನಾಚಾರಕ್ಕೆ ಎಡೆಯಿರುವಂತೆ ಅಡಿಗೆಮನೆಯನ್ನು ಕಟ್ಟುವುದೂ ಆ ವಿಧಿಯ ಅಂಗವೇ ಆಗುತ್ತದೆ.

ರಾಯಚೂರು ನಗರದ ಬಡಾವಣೆಗಳಲ್ಲಿಯೂ ದೇವದುರ್ಗ, ಮಾನ್ವಿಗಳ ಹೊಸ ಮನೆಗಳಲ್ಲಿಯೂ ಇಂದು ಹೆಚ್ಚುತ್ತಿರುವ ಅಡಿಗೆಮನೆಯ ಮಾದರಿಯನ್ನು ಈ ದೃಷ್ಟಿಯಿಂದ ಪರೀಕ್ಷಿಸಬೇಕಾಗಿದೆ. ಗ್ರಾನೈಟ್ ಕಟ್ಟೆ, ಅದರ ಕೆಳಗೂ ಮೇಲೂ ಬಾಗಿಲು ಮುಚ್ಚಿದ ಕಪಾಟುಗಳು, ಒಂದೇ ಸಿಂಕು, ಒಂದೇ ಎತ್ತರ: ಇದು ‘ಮಾಡ್ಯುಲರ್’ ಎಂದು ಕರೆಯಲಾಗುವ ವ್ಯವಸ್ಥೆ. ನೋಟಕ್ಕೆ ಚೊಕ್ಕಟವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರ ಅಡಿಗೆಗಾಗಿ ಎಂಬ ಪ್ರಶ್ನೆಯನ್ನು ಅದು ಕೇಳಿಕೊಂಡಂತಿಲ್ಲ.

ಈ ಮಾದರಿಯ ಮೂಲವನ್ನು ನೋಡಿದರೆ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಎಂಬಾಕೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿಗಳಿಗಾಗಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡಿಗೆಮನೆಯನ್ನು ರೂಪಿಸಿದರು. ಅಲ್ಲಿನ ಗೃಹಿಣಿ ಮಾಡುವ ಒಂದೊಂದು ಕೆಲಸವನ್ನೂ, ಇಡುವ ಹೆಜ್ಜೆಗಳನ್ನೂ ಲೆಕ್ಕಹಾಕಿ ಸಲಕರಣೆಗಳ ಸ್ಥಾನವನ್ನು ಗೊತ್ತುಪಡಿಸಿದರು. ಹಿಟ್ಟಿಗೆ ಹುಳು ಬೀಳದಿರಲೆಂದು ಅದರ ಡ್ರಾಯರನ್ನು ಓಕ್ ಮರದಿಂದಲೇ ಮಾಡಿಸಿದರು. ಹುಳು ಬಂದ ಮೇಲೆ ಕೊಲ್ಲುವುದಕ್ಕಿಂತ ಬಾರದಂತೆ ಕಟ್ಟುವುದು ಮೇಲೆಂಬ ವಿವೇಕ ಅಲ್ಲಿ ಕಾಣುತ್ತದೆ. ಇಲ್ಲಿಗೆ ಬಂದದ್ದು ಆ ಅಡಿಗೆಮನೆಯ ಹೊರರೂಪ ಮಾತ್ರ; ಕೆಲಸವನ್ನು ಮೊದಲು ಗಮನಿಸಿ ಅನಂತರ ಕಟ್ಟುವ ಆ ಕ್ರಮ ಬರಲಿಲ್ಲ.

ಮೊದಲು ಒಲೆಯನ್ನು ತೆಗೆದುಕೊಳ್ಳಬಹುದು. ಎರೆಭೂಮಿಯ ಈ ಸೀಮೆಯಲ್ಲಿ ಜೋಳದ ರೊಟ್ಟಿಯೇ ಮುಖ್ಯ ಆಹಾರ. ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಬಡಿಯುತ್ತಾರೆ; ಅದಕ್ಕೆ ತೋಳಿನ ಬಲವೂ ಮೈಯ ಭಾರವೂ ಬೇಕು. ಮೂವತ್ತೆರಡು, ಮೂವತ್ತನಾಲ್ಕು ಅಂಗುಲದ ಕಟ್ಟೆಯ ಮೇಲೆ ನಿಂತು ಬಡಿಯುವ ಗೃಹಿಣಿಯ ಹೆಗಲು ಬೇಗನೆ ಸೋಲುತ್ತದೆ. ಆ ಕಟ್ಟೆಯ ಮೇಲೆ ಗ್ಯಾಸ್ ಒಲೆ, ಅದರ ಮೇಲೆ ಹಂಚು ಏರಿದಾಗ ಬೆಂಕಿಯ ಝಳ ಎದೆಯ ಸಮೀಪಕ್ಕೆ ಬರುತ್ತದೆ. ಮಾರವಾಡ, ಗುಜರಾತಿನಿಂದ ಬಂದು ನೆಲಸಿದ ಮನೆಗಳಲ್ಲಿ ಫುಲ್ಕಾ ಲಟ್ಟಿಸುವವರಿಗೆ ಅದೇ ಕಟ್ಟೆ ಅನುಕೂಲವಾಗಬಹುದು. ಒಂದೇ ಧರ್ಮದ ಎರಡು ಮನೆಗಳಿಗೆ ಎರಡು ಅಳತೆ ಬೇಕೆಂದಾಯಿತು. ಒಲೆ ಮತ್ತು ಹಲಗೆಗಳಿಗಾಗಿ ಕಟ್ಟೆಯ ಒಂದು ಭಾಗವನ್ನು ಆರು ಅಂಗುಲ ತಗ್ಗಿಸುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ.

ಒಲೆಯ ದಿಕ್ಕೂ ವಿಚಾರಾರ್ಹ. ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಸಂಜೆಯ ಅಡಿಗೆ ಹಗಲಿನಲ್ಲಿಯೇ ಮುಗಿಯಬೇಕು. ರಾಯಚೂರಿನಲ್ಲಿ ಸೂರ್ಯಾಸ್ತವು ನವೆಂಬರ್ ಕೊನೆಗೆ ಸುಮಾರು 5.45ಕ್ಕೂ, ಜುಲೈ ಆರಂಭದಲ್ಲಿ 6.55ರ ಸುಮಾರಿಗೂ ಆಗುತ್ತದೆ. ಆದ್ದರಿಂದ ಒಲೆ ಉರಿಯುವುದು ಪಡುವಣ ಗೋಡೆ ಕಾದಿರುವ ಹೊತ್ತಿನಲ್ಲಿಯೇ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಊರುಗಳಲ್ಲಿ ಪಶ್ಚಿಮಕ್ಕೆ ತೆರೆದ ಅಡಿಗೆಮನೆ ವ್ರತಪಾಲನೆಗೆ ತೊಡಕಾಗುತ್ತದೆ. ವಾಸ್ತುಶಾಸ್ತ್ರ ಹೇಳುವ ಆಗ್ನೇಯ ಮೂಲೆಯನ್ನು ಕೇವಲ ನಂಬಿಕೆಯೆಂದು ತಳ್ಳುವವರು, ಸಂಜೆಯ ಬಿಸಿಲಿನಿಂದ ಆ ಮೂಲೆ ದೂರವಿರುತ್ತದೆಂಬುದನ್ನು ಗಮನಿಸಬೇಕು. ಉತ್ತರದ ಕಡೆಗೆ ಎತ್ತರದಲ್ಲೊಂದು ಕಿಟಕಿಯಿದ್ದರೆ, ಕಾಳಿನೊಳಗಿನ ಹುಳುವನ್ನು ದೀಪವಿಲ್ಲದೆ ಕಾಣುವಷ್ಟು ಬೆಳಕೂ ದೊರೆಯುತ್ತದೆ.

ನೀರಿನ ವಿಷಯದಲ್ಲಿ ಹೊಸ ಮಾದರಿ ಸಂಪೂರ್ಣ ಮೌನವಾಗಿದೆ. ಸೋಸಿದ ನೀರಿಗೆ ಒಂದು ಮುಹೂರ್ತದ, ಅಂದರೆ 48 ನಿಮಿಷದ, ಮರ್ಯಾದೆಯಿದೆ. ಸೋಸದ ನೀರು, ಸೋಸಿದ ನೀರು, ಕಾಯಿಸಿದ ನೀರು ಇವು ಮೂರಕ್ಕೂ ಬೇರೆ ಬೇರೆ ಸ್ಥಾನವಿರಬೇಕು. ಒಂದೇ ಸಿಂಕಿರುವಲ್ಲಿ ಬಟ್ಟೆಯಲ್ಲಿ ಉಳಿದ ಜೀವಗಳು ಮೂಲಜಲಕ್ಕೆ ಮರಳದೆ ಮೋರಿಯ ಪಾಲಾಗುತ್ತವೆ. ಎರಡು ಪಾತ್ರೆ ಹಿಡಿಯುವ ಸಣ್ಣ ಕಟ್ಟೆ, ಬಟ್ಟೆ ಒಣಹಾಕಲು ಒಂದು ಗಳ, ಇಷ್ಟು ಸಾಕು. ಆದರೆ ನಕ್ಷೆಯಲ್ಲಿ ಇದಕ್ಕೆ ಸ್ಥಳವಿರುವುದಿಲ್ಲ.

ಅತ್ಯಂತ ಗಂಭೀರವಾದ ದೋಷ ಮುಚ್ಚಿದ ಕಪಾಟುಗಳದು. ಸಿಂಕಿನ ಕೆಳಗೆ ತೇವವೂ ಕತ್ತಲೆಯೂ ಸೇರಿದಲ್ಲಿ ಜಿರಲೆ, ಇರುವೆಗಳು ಮನೆಮಾಡುತ್ತವೆ. ಒತ್ತುಹಲಗೆ ನೀರು ಕುಡಿದು ಉಬ್ಬಿದರೆ ಸಂದುಗಳು ಹೆಚ್ಚುತ್ತವೆ. ಅಲ್ಲಿಗೆ ಕಸಬರಿಗೆಯಾಗಲಿ ಕಣ್ಣಾಗಲಿ ತಲಪುವುದಿಲ್ಲ. ಕೊನೆಗೆ ಕೀಟನಾಶಕದ ಮೊರೆಹೋಗಬೇಕಾಗುತ್ತದೆ. ಅಲ್ಲಿಗೆ, ಗೊತ್ತಿಲ್ಲದೆ ಒದಗುತ್ತಿದ್ದ ಆರಂಭೀ ಹಿಂಸೆಯು ಗೊತ್ತಿದ್ದೇ ಮಾಡುವ ಸಂಕಲ್ಪೀ ಹಿಂಸೆಯಾಗಿ ಮಾರ್ಪಡುತ್ತದೆ. ಬಡಗಿಯ ಕೆಲಸವೊಂದು ಶ್ರಾವಕನ ಅಣುವ್ರತಕ್ಕೇ ಭಂಗ ತರುವುದೆಂದರೆ ಇದನ್ನು ಕೇವಲ ರುಚಿಯ ಪ್ರಶ್ನೆಯೆಂದು ಬಿಡಲಾಗದು. ಕಲಬುರಗಿ ಜಿಲ್ಲೆಯ ಶಹಾಬಾದ ಕಲ್ಲಿನ ತೆರೆದ ಹಲಗೆಗಳು, ನೆಲದಿಂದ ಒಂದಡಿ ಮೇಲೆ, ಗಾಳಿ ಬೆಳಕಿಗೆ ಒಡ್ಡಿಕೊಂಡಿದ್ದರೆ ಈ ಪ್ರಸಂಗವೇ ವಿರಳವಾಗುತ್ತದೆ.

ಸಂಗ್ರಹವೂ ಅಡಿಗೆಯ ಕ್ರಮಕ್ಕೆ ಹೊಂದಬೇಕು. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ ಮೂರು, ಬೇಸಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನ. ಹೀಗಿರುವಾಗ ತಿಂಗಳ ಹಿಟ್ಟು ಹಿಡಿಯುವ ಆಳವಾದ ಡ್ರಾಯರು ನಿರುಪಯೋಗಿ. ಬೇಕಾದುದು ಸಣ್ಣ ಡಬ್ಬಿ ಮತ್ತು ಮನೆಯಲ್ಲಿಯೇ ಬೀಸುವ ಯಂತ್ರಕ್ಕೆ ಸ್ಥಳ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯಲ್ಲಿ ಅಕ್ಕಿಯನ್ನೂ, ದೇವದುರ್ಗದಲ್ಲಿ ಜೋಳ, ತೊಗರಿಯನ್ನೂ ವರ್ಷಕ್ಕಾಗುವಷ್ಟು ತುಂಬುವ ಮನೆಗಳಿಗೆ ಒಲೆಯ ಆವಿ ತಾಕದ, ಒಣಗಿದ ಪ್ರತ್ಯೇಕ ಕೋಣೆ ಅಗತ್ಯ.

ಹೀಗೆಂದು ಹಳೆಯ ಅಡಿಗೆಮನೆಯೇ ಆದರ್ಶವೆಂದು ಸಾಧಿಸುವಂತಿಲ್ಲ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿಯೊಂದೇ ಗತಿಯಾಗಿತ್ತು. ಸೌದೆಯ ಹೊಗೆ ಹೆಂಗಸರ ಕಣ್ಣನ್ನೂ ಶ್ವಾಸವನ್ನೂ ಕೆಡಿಸುತ್ತಿತ್ತು; ಸೌದೆಯೊಳಗಿನ ಜೀವಗಳೂ ಒಲೆಯಲ್ಲಿ ಬೇಯುತ್ತಿದ್ದವು. ಗ್ಯಾಸ್ ಒಲೆ, ನುಣುಪಾದ ಕಲ್ಲು, ನಲ್ಲಿಯ ನೀರು ಇವು ನಿಜವಾದ ಲಾಭಗಳೇ. ಆಕ್ಷೇಪವಿರುವುದು ಹೊಸತನದ ಮೇಲಲ್ಲ, ಅವಿಚಾರದ ಮೇಲೆ.

ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಯಲ್ಲಿ ‘ಸೂಪಶಾಸ್ತ್ರ’ವನ್ನು ಕನ್ನಡದಲ್ಲಿ ರಚಿಸಿದನು. ಪಾಕಕ್ಕೇ ಶಾಸ್ತ್ರ ಬರೆದ ಜೈನಕವಿಯ ಪರಂಪರೆಯವರು ಪಾಕಶಾಲೆಯ ವಿಚಾರವನ್ನು ಗುತ್ತಿಗೆದಾರನಿಗೆ ಬಿಟ್ಟುಕೊಡುವುದು ಉಚಿತವಲ್ಲ. ಇದು ಮನೆಗಳಿಗೆ ಮಾತ್ರವಲ್ಲದೆ, ಧರ್ಮಶಾಲೆ, ಭೋಜನಶಾಲೆಗಳನ್ನು ಕಟ್ಟಿಸುವ ಬಸದಿಯ ಟ್ರಸ್ಟ್‌ಗಳಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ನೂರಾರು ಜನರ ಅಡಿಗೆಯಲ್ಲಿ ಒಂದು ತಪ್ಪು ಅಳತೆ ನೂರ್ಮಡಿಯಾಗುತ್ತದೆ. ಮುನಿಗಳಿಗೆ ನಿಂತು ಆಹಾರ ಸ್ವೀಕರಿಸಲು ಬೆಳಕಿರುವ ನಿರ್ಜಂತುಕ ಸ್ಥಳವೂ ಅಲ್ಲಿ ಬೇಕಾಗುತ್ತದೆ. ನಕ್ಷೆಗೆ ಸಹಿ ಹಾಕುವ ಮುನ್ನ, ನಿತ್ಯವೂ ಒಲೆಯ ಮುಂದೆ ನಿಲ್ಲುವ ತಾಯಂದಿರನ್ನು ಕರೆದು ಅವರ ಮಾತನ್ನು ಕೇಳುವುದು ಹಿರಿಯರ ಕರ್ತವ್ಯ. ಅಡಿಗೆಯ ಕ್ರಮವನ್ನು ಬಲ್ಲವರು ಅವರು; ಅಹಿಂಸೆಯ ಭಾರವನ್ನು ಪ್ರತಿದಿನ ಹೊರುವವರೂ ಅವರೇ.